ಬರಲಿರುವ ಬೇಡಿಕೆಯ ಎಣಿಕೆ: ಅಂತರಜಾಲದ ಕಿರುಕಣಜಗಳು

ಹಗೇವು ಕಂಡ ಹಿರಿಯರಿಗೆ ಈ ಮಾತು ಹೊಸತಲ್ಲ. ವರ್ಷಕ್ಕಾಗುವ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚಿದ ಮೇಲೆ ದಿನಬೆಳಗಾದರೆ ಅದನ್ನು ತೆರೆಯುವ ಪದ್ಧತಿ ಇರಲಿಲ್ಲ. ತೆರೆಯುವುದು ಶ್ರಮದ ಕೆಲಸ. ಒಳಗಿನ ಕೆಟ್ಟ ಗಾಳಿ ಹೊರಹೋಗುವವರೆಗೆ ಯಾರೂ ಕೆಳಗಿಳಿಯುವಂತಿರಲಿಲ್ಲ. ಆದುದರಿಂದ ಒಮ್ಮೆ ತೆರೆದಾಗ ಕೆಲವು ವಾರಗಳಿಗೆ ಸಾಲುವಷ್ಟು ಕಾಳನ್ನು ಮೇಲೆ ತಂದು ಅಡುಗೆಮನೆಯ ಗಡಿಗೆಗಳಲ್ಲಿ ಇಡುತ್ತಿದ್ದರು. ಗಡಿಗೆಗಳು ಕೆಲವೇ, ಮನೆಯ ಅಗತ್ಯಗಳು ಹಲವು. ಯಾವ ಕಾಳು ಕೈಗೆ ಸಿಗುವಂತಿರಬೇಕು, ಯಾವುದು ಅಟ್ಟದ ಮೇಲೆ ಇದ್ದರೂ ನಡೆದೀತು, ಯಾವುದನ್ನು ಹಗೇವಿನಲ್ಲಿಯೇ ಬಿಡಬಹುದು ಎಂಬುದನ್ನು ಮನೆಯ ಹಿರಿಯಾಕೆ ಯಾವ ಲೆಕ್ಕದ ಪುಸ್ತಕವನ್ನೂ ನೋಡದೆ ನಿರ್ಣಯಿಸುತ್ತಿದ್ದಳು. ಹಬ್ಬ ಎಂದು ಬರುತ್ತದೆ, ಸುಗ್ಗಿಯ ಆಳುಗಳು ಎಷ್ಟು ಮಂದಿ, ಬೀಗರು ಬರುವ ಸಂಭವವಿದೆಯೇ ಎಂಬುವೇ ಆಕೆಯ ಆಧಾರಗಳು. ಎಣಿಕೆ ಸರಿಯಾದರೆ ಯಾರಿಗೂ ಅದರ ಅರಿವಾಗುತ್ತಿರಲಿಲ್ಲ. ತಪ್ಪಿದ ದಿನ ಮಾತ್ರ ಅತಿಥಿ ಹೊರಗೆ ಕುಳಿತಿರುವಾಗ ಹಗೇವಿನ ಬಾಯಿ ತೆರೆಯಬೇಕಾಗುತ್ತಿತ್ತು.

ಇಂದು ಜಗತ್ತಿನಾದ್ಯಂತ ಕೋಟ್ಯಂತರ ಜನರು ಕೈಯಲ್ಲಿ ಹಿಡಿದ ದೂರವಾಣಿಯಲ್ಲಿ ಚಿತ್ರ, ಪಾಠ, ವಾರ್ತೆ, ಸಂಗೀತಗಳನ್ನು ತರಿಸಿಕೊಳ್ಳುತ್ತಿರುವಾಗ, ಅದರ ಹಿಂದೆ ಕಣ್ಣಿಗೆ ಕಾಣದೆ ನಡೆಯುವ ದೊಡ್ಡ ಕಾರ್ಯಗಳಲ್ಲಿ ಒಂದು ಇದೇ ನಿರ್ಣಯದ ವಿಸ್ತೃತ ರೂಪವಾಗಿದೆ. ದೂರದ ಮೂಲಭಂಡಾರದಲ್ಲಿ ಎಲ್ಲವೂ ಇದೆ. ಹತ್ತಿರದ ಸಣ್ಣ ಸಂಗ್ರಹದಲ್ಲಿ ಕೆಲವಕ್ಕೆ ಮಾತ್ರ ಸ್ಥಳವಿದೆ. ಆ ಕೆಲವು ಯಾವುವು? ನಾಳೆ ಜನರು ಏನನ್ನು ಕೇಳುವರೆಂದು ಇಂದೇ ಊಹಿಸಿದವನು ಮಾತ್ರ ಈ ಪ್ರಶ್ನೆಗೆ ಉತ್ತರಿಸಬಲ್ಲನು.

ದೂರವೆಂಬುದು ಅಂತರಜಾಲದಲ್ಲಿ ಅಳಿದುಹೋಯಿತೆಂಬ ನಂಬಿಕೆ ಸಾಮಾನ್ಯವಾಗಿದೆ. ವಸ್ತುಸ್ಥಿತಿ ಹಾಗಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಿಂದ ಚಲಿಸುತ್ತದೆ. ಬೆಂಗಳೂರಿಗೂ ಅಮೆರಿಕದ ಪಶ್ಚಿಮ ಕರಾವಳಿಗೂ ನಡುವಣ ಅಂತರ ನೇರವಾಗಿ ಅಳೆದರೂ ಸುಮಾರು 14,000 ಕಿಲೋಮೀಟರ್. ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಬೆಳಕಿಗೇ ಸೆಕೆಂಡಿನ ಏಳನೆಯ ಒಂದು ಭಾಗದಷ್ಟು ಕಾಲ ಬೇಕು. ಸಮುದ್ರದಡಿಯ ತಂತಿಗಳು ನೇರವಾಗಿ ಸಾಗುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಇನ್ನೂ ಹೆಚ್ಚು. ಒಂದು ಪುಟ ತೆರೆದುಕೊಳ್ಳುವ ಮುನ್ನ ಇಂತಹ ಹಲವು ಹೋಗಿಬರುವಿಕೆಗಳು ನಡೆಯುತ್ತವೆ. ಆದರೆ ಕಾಲವಿಳಂಬಕ್ಕಿಂತಲೂ ಗುರುತರವಾದ ತೊಂದರೆ ಇನ್ನೊಂದಿದೆ. ಒಂದೇ ಚಲನಚಿತ್ರವನ್ನು ಒಂದೇ ಪಟ್ಟಣದ ಹತ್ತು ಸಾವಿರ ಮಂದಿ ಒಂದೇ ಸಂಜೆ ಕೇಳಿದರೆ, ಹತ್ತಿರದಲ್ಲಿ ಪ್ರತಿ ಇಲ್ಲದ ಪಕ್ಷದಲ್ಲಿ, ಆ ಚಿತ್ರ ಹತ್ತು ಸಾವಿರ ಬಾರಿ ಸಮುದ್ರ ದಾಟಬೇಕಾಗುತ್ತದೆ. ಯಾವ ತಂತಿಯೂ ಇಂತಹ ದಂಡವನ್ನು ಬಹುಕಾಲ ತಾಳಲಾರದು. ಒಂದೇ ಪ್ರತಿಯನ್ನು ಒಮ್ಮೆ ತರಿಸಿ ಪಟ್ಟಣದ ಸಮೀಪದಲ್ಲಿ ಇರಿಸಿಕೊಂಡರೆ ಉಳಿದ 9,999 ಪ್ರಯಾಣಗಳು ತಪ್ಪುತ್ತವೆ.

ಈ ಸಮೀಪದ ಸಂಗ್ರಹಕ್ಕೆ ಗಣಕಶಾಸ್ತ್ರಜ್ಞರು ಇಟ್ಟ ಹೆಸರು 'ಕ್ಯಾಶ್'. ಉಚ್ಚಾರ ಒಂದೇ ಆದರೂ ಇದಕ್ಕೂ ರೊಕ್ಕಕ್ಕೂ ಸಂಬಂಧವಿಲ್ಲ; 'ಬಚ್ಚಿಡು' ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದುದು. ಗೊಂದಲಕ್ಕೆ ಎಡೆಯಿಲ್ಲದಂತೆ ಇಲ್ಲಿ ಅದನ್ನು ಕಿರುಕಣಜವೆಂದು ಕರೆಯಲಾಗಿದೆ.

ಕಿರುಕಣಜದ ಕಲ್ಪನೆ ಅಂತರಜಾಲಕ್ಕಿಂತ ಹಳೆಯದು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮಾರಿಸ್ ವಿಲ್ಕ್ಸ್ 1965ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪ್ರಬಂಧದಲ್ಲಿ, ದೊಡ್ಡದಾದರೂ ನಿಧಾನವಾದ ಸ್ಮೃತಿಯ ಪಕ್ಕದಲ್ಲಿ ಸಣ್ಣದಾದರೂ ಚುರುಕಾದ ಇನ್ನೊಂದು ಸ್ಮೃತಿಯನ್ನು ಇಡುವ ಉಪಾಯವನ್ನು ವಿವರಿಸಿದರು. ಮರುವರ್ಷವೇ, 1966ರಲ್ಲಿ, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿ ದುಡಿಯುತ್ತಿದ್ದ ಲಾಸ್ಲೋ ಬೇಲಾಡಿ ಈ ವಿದ್ಯೆಯ ತಿರುಳನ್ನೇ ಹಿಡಿದರು. ತುಂಬಿದ ಸಂಗ್ರಹಕ್ಕೆ ಹೊಸದೊಂದು ವಸ್ತು ಬರಬೇಕಾದಾಗ ಒಳಗಿರುವವುಗಳಲ್ಲಿ ಯಾವುದನ್ನು ಹೊರಹಾಕಬೇಕು? ಬೇಲಾಡಿಯವರ ಉತ್ತರ ಸರಳವಾದುದು: ಮತ್ತೆ ಬೇಕಾಗುವ ಕ್ಷಣ ಯಾವುದಕ್ಕೆ ಎಲ್ಲಕ್ಕಿಂತ ದೂರವಿದೆಯೋ ಅದನ್ನು. ಒಂದೇ ಗಾತ್ರದ ವಸ್ತುಗಳಿಗೆ ಇದಕ್ಕಿಂತ ಉತ್ತಮವಾದ ನಿಯಮ ಇರಲಾರದೆಂದು ಸಿದ್ಧಪಡಿಸಬಹುದು. ನಿಯಮ ಪರಿಪೂರ್ಣ, ಅದನ್ನು ಪಾಲಿಸುವುದು ಮಾತ್ರ ಅಸಾಧ್ಯ, ಏಕೆಂದರೆ ಅದಕ್ಕೆ ಭವಿಷ್ಯ ತಿಳಿದಿರಬೇಕು. ನಡೆದುಹೋದ ದಿನದ ದಾಖಲೆಯನ್ನು ಮುಂದಿಟ್ಟುಕೊಂಡು 'ಹೀಗೆ ಮಾಡಿದ್ದರೆ ಇಷ್ಟು ಲಾಭವಾಗುತ್ತಿತ್ತು' ಎಂದು ಅಳೆಯುವ ಕೋಲಾಗಿ ಮಾತ್ರ ಅದು ಇಂದಿಗೂ ಬಳಕೆಯಲ್ಲಿದೆ. ಅನಂತರದ ಅರ್ಧ ಶತಮಾನದ ಪ್ರಯತ್ನಗಳನ್ನೆಲ್ಲ ಬೇಲಾಡಿಯವರ ಈ ಕೋಲಿನತ್ತ ಅಂಗುಲ ಅಂಗುಲವಾಗಿ ಸರಿಯುವ ಯತ್ನವೆಂದು ತಿಳಿದರೆ ತಪ್ಪಾಗಲಾರದು.

ಭವಿಷ್ಯ ತಿಳಿಯದವರು ಭೂತವನ್ನು ನೋಡುತ್ತಾರೆ. ಇತ್ತೀಚೆಗೆ ಬಳಸಿದ್ದನ್ನು ಉಳಿಸಿ, ಬಹುಕಾಲದಿಂದ ಯಾರೂ ಮುಟ್ಟದ್ದನ್ನು ಹೊರಹಾಕುವುದು ಒಂದು ರೀತಿ. ಹೆಚ್ಚು ಬಾರಿ ಬಳಸಿದ್ದನ್ನು ಉಳಿಸಿ, ಕಡಿಮೆ ಬಳಸಿದ್ದನ್ನು ಹೊರಹಾಕುವುದು ಇನ್ನೊಂದು ರೀತಿ. ಮೇಲ್ನೋಟಕ್ಕೆ ಇವು ಕೇವಲ ಲೆಕ್ಕವಿಡುವ ಕ್ರಮಗಳಂತೆ ಕಂಡರೂ ವಾಸ್ತವದಲ್ಲಿ ಎರಡೂ ಮುನ್ನಂದಾಜುಗಳೇ. ನಿನ್ನೆ ನಡೆದದ್ದೇ ನಾಳೆ ನಡೆದೀತೆಂದು ಮೊದಲನೆಯದು ನಂಬುತ್ತದೆ. ಬಹುಕಾಲ ನಡೆದದ್ದೇ ಮುಂದೆಯೂ ನಡೆದೀತೆಂದು ಎರಡನೆಯದು. ಎರಡಕ್ಕೂ ಅವುಗಳದೇ ಆದ ದೋಷಗಳಿವೆ. ಒಬ್ಬನೇ ಒಬ್ಬ ಕುತೂಹಲಿ ಇಡೀ ಗ್ರಂಥಾಲಯದ ಪುಸ್ತಕಗಳನ್ನು ಒಂದೊಂದಾಗಿ ತೆಗೆಸಿ ಒಮ್ಮೆ ತಿರುವಿಹಾಕಿದರೆ ಸಾಕು, ಮೊದಲನೆಯ ರೀತಿಯ ಕಣಜದಿಂದ ನಿತ್ಯದ ಓದುಗರ ಪುಸ್ತಕಗಳೆಲ್ಲ ಹೊರಬಿದ್ದಿರುತ್ತವೆ. ಎರಡನೆಯ ರೀತಿಯ ಕಣಜದಲ್ಲಿ ಹಿಂದಿನ ಚುನಾವಣೆಯ ಫಲಿತಾಂಶದ ಪುಟ ತನ್ನ ಹಳೆಯ ಕೀರ್ತಿಯ ಬಲದಿಂದಲೇ ತಿಂಗಳುಗಟ್ಟಲೆ ಸ್ಥಳ ಹಿಡಿದು ಕುಳಿತಿರುತ್ತದೆ.

ಇಷ್ಟು ಒರಟಾದ ಉಪಾಯಗಳು ಸಹ ಸಾಕಷ್ಟು ಕೆಲಸ ಮಾಡುವುದಕ್ಕೆ ಕಾರಣ ಯಂತ್ರದಲ್ಲಿಲ್ಲ, ಜನಸಮೂಹದ ಸ್ವಭಾವದಲ್ಲಿದೆ. ಭಾಷೆಯಲ್ಲಿ ಪದಗಳ ಬಳಕೆಯನ್ನು ಎಣಿಸಿದ ಹಾರ್ವರ್ಡಿನ ವಿದ್ವಾಂಸ ಜಾರ್ಜ್ ಕಿಂಗ್ಸ್ಲಿ ಜಿಫ್, ಎರಡನೆಯ ಸ್ಥಾನದ ಪದ ಮೊದಲನೆಯದರ ಅರ್ಧದಷ್ಟು, ಮೂರನೆಯದು ಮೂರನೆಯ ಒಂದು ಭಾಗದಷ್ಟು, ನೂರನೆಯದು ನೂರನೆಯ ಒಂದು ಭಾಗದಷ್ಟು ಬಾರಿ ಬರುತ್ತದೆಂಬ ಸ್ಥೂಲ ನಿಯಮವನ್ನು ಪ್ರಸಿದ್ಧಿಗೆ ತಂದರು. ಅಂತರಜಾಲದ ಪುಟಗಳ ಬೇಡಿಕೆಯೂ ಹೆಚ್ಚುಕಡಿಮೆ ಇದೇ ಬಗೆಯದೆಂದು 1999ರಲ್ಲಿ ಪ್ರಕಟವಾದ ಲೀ ಬ್ರೆಸ್ಲೌ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಇಳಿಜಾರು ಜಿಫ್ ಹೇಳಿದ್ದಕ್ಕಿಂತ ಸ್ವಲ್ಪ ಮಂದವಾಗಿತ್ತಷ್ಟೆ. ಇದರ ಅರ್ಥವನ್ನು ಯಾವ ವಿದ್ಯಾರ್ಥಿಯೂ ಲೆಕ್ಕಹಾಕಿ ನೋಡಬಹುದು. ಒಂದು ಭಂಡಾರದಲ್ಲಿ 10,000 ವಸ್ತುಗಳಿದ್ದು ಬೇಡಿಕೆ ಜಿಫ್ ನಿಯಮದಂತೆಯೇ ಇದೆಯೆಂದು ಭಾವಿಸಿದರೆ, ಅಗ್ರಸ್ಥಾನದ 100 ವಸ್ತುಗಳನ್ನು, ಅಂದರೆ ನೂರಕ್ಕೆ ಒಂದು ಪಾಲನ್ನು ಮಾತ್ರ, ಕಿರುಕಣಜದಲ್ಲಿ ಇಟ್ಟರೂ ಎಲ್ಲ ಕೋರಿಕೆಗಳಲ್ಲಿ ಶೇಕಡಾ 53ರಷ್ಟು ಅಲ್ಲಿಯೇ ಪೂರೈಕೆಯಾಗುತ್ತವೆ. ಕಣಜವನ್ನು ಇಮ್ಮಡಿಗೊಳಿಸಿ 200 ವಸ್ತುಗಳನ್ನಿಟ್ಟರೆ ಶೇಕಡಾ 60. ಮತ್ತೆ ಇಮ್ಮಡಿಗೊಳಿಸಿ 400 ಇಟ್ಟರೆ ಶೇಕಡಾ 67. ಪ್ರತಿ ಬಾರಿ ವೆಚ್ಚ ಎರಡು ಪಟ್ಟಾಗುತ್ತದೆ, ಲಾಭ ಮಾತ್ರ ಏಳೇಳು ಅಂಶದಷ್ಟೇ ಏರುತ್ತದೆ. ಬಾಲದ ತುದಿಯವರೆಗೂ ಎಲ್ಲವನ್ನೂ ಹತ್ತಿರ ತರುವುದು ಕುಬೇರನಿಗೂ ಸಾಧ್ಯವಿಲ್ಲ.

ತಲೆಯ ಭಾಗ ಯಾವುದೆಂದು ಎಲ್ಲರಿಗೂ ಗೊತ್ತು. ಅದಕ್ಕೆ ವಿಶೇಷ ಜ್ಞಾನ ಬೇಡ. ಬಾಲದ ಭಾಗವನ್ನು ಇಟ್ಟುಕೊಂಡರೆ ಲಾಭವಿಲ್ಲ. ಜಗಳವೆಲ್ಲ ನಡುವಣ ಪ್ರದೇಶದಲ್ಲಿ. ಸ್ಥಾನ ಸಿಕ್ಕೀತೋ ಇಲ್ಲವೋ ಎಂಬ ಗಡಿಯಲ್ಲಿ ನಿಂತ ಅಸಂಖ್ಯಾತ ವಸ್ತುಗಳಲ್ಲಿ ಯಾವುದು ನಾಳೆ ಮೇಲೇರುತ್ತದೆ, ಯಾವುದು ಇಳಿಯುತ್ತದೆ ಎಂಬುದನ್ನು ಹೇಳಬಲ್ಲ ಮುನ್ನಂದಾಜಿಗೆ ಅಲ್ಲಿ ಬೆಲೆಯಿದೆ.

ಈ ಉದ್ಯಮದ ಹಿರಿಯ ಸಂಸ್ಥೆಯಾದ ಅಕಮಾಯ್ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ನಡೆದ ಸಂಶೋಧನೆಯಿಂದ 1998ರಲ್ಲಿ ಹುಟ್ಟಿತು. ಗಣಿತದ ಪ್ರಾಧ್ಯಾಪಕ ಟಾಮ್ ಲೈಟನ್ ಮತ್ತು ಅವರ ವಿದ್ಯಾರ್ಥಿ ಡೇನಿಯಲ್ ಲೆವಿನ್ ಅದರ ಸ್ಥಾಪಕರಲ್ಲಿ ಪ್ರಮುಖರು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಕ್ಕೆ ಅಪ್ಪಳಿಸಿದ ಮೊದಲ ವಿಮಾನದಲ್ಲಿ ಲೆವಿನ್ ಇದ್ದರು. ಆಗ ಅವರಿಗೆ 31 ವರ್ಷ. ಅಂದು ವಾರ್ತೆಗಾಗಿ ಜಗತ್ತೇ ಅಂತರಜಾಲಕ್ಕೆ ನುಗ್ಗಿದಾಗ ತಾಣಗಳು ಕುಸಿಯದಂತೆ ಹಿಡಿದ ಕಿರುಕಣಜಗಳಲ್ಲಿ ಅವರು ಕಟ್ಟಿದವುಗಳೂ ಇದ್ದವು.

ಅಕಮಾಯ್ ಸಂಸ್ಥೆಯ ಅನುಭವದಿಂದ ದೊರೆತ ಒಂದು ಸಂಗತಿ ವಿಶೇಷವಾಗಿ ಗಮನಾರ್ಹ. ಅದರ ಒಂದು ಗುಂಪಿನ ಯಂತ್ರಗಳಲ್ಲಿ ಎರಡು ದಿನಗಳ ಅವಧಿಯಲ್ಲಿ ಕೇಳಲ್ಪಟ್ಟ ಸುಮಾರು 40 ಕೋಟಿ ವಸ್ತುಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ ಶೇಕಡಾ 74ರಷ್ಟು ಒಮ್ಮೆ ಮಾತ್ರ ಕೇಳಲ್ಪಟ್ಟವೆಂದು ತಿಳಿದುಬಂದಿತು. ಒಮ್ಮೆ ಬಂದು ಮತ್ತೆಂದೂ ಮುಖ ತೋರದ ಈ ಅತಿಥಿಗಳಿಗಾಗಿ ಕಣಜದಲ್ಲಿ ಸ್ಥಳ ಮಾಡಿಕೊಡುವುದು ವ್ಯರ್ಥ. ಪರಿಹಾರವಾಗಿ ಅವರು ಕಂಡುಕೊಂಡ ನಿಯಮ ಇದು: ಮೊದಲ ಬಾರಿ ಕೇಳಿದಾಗ ತರಿಸಿಕೊಡು, ಇಟ್ಟುಕೊಳ್ಳಬೇಡ, ಎರಡನೆಯ ಬಾರಿ ಕೇಳಿದಾಗ ಇಟ್ಟುಕೋ. ಆದರೆ ಮೊದಲ ಬಾರಿ ಕೇಳಿದ್ದನ್ನು ನೆನಪಿಡುವುದಾದರೂ ಹೇಗೆ? ಕೋಟಿಗಟ್ಟಲೆ ಹೆಸರುಗಳನ್ನು ಬರೆದಿಟ್ಟರೆ ಆ ಪಟ್ಟಿಯೇ ಕಣಜವನ್ನು ತುಂಬೀತು. ಇದಕ್ಕೆ ಬರ್ಟನ್ ಬ್ಲೂಮ್ ಎಂಬವರು 1970ರಲ್ಲಿಯೇ ಸೂಚಿಸಿದ್ದ ಜಾಣ ಜರಡಿಯೊಂದು ನೆರವಿಗೆ ಬಂದಿತು. ಸಾಲಾಗಿ ಬರೆದ ಸೊನ್ನೆಗಳ ಮೇಲೆ ಪ್ರತಿಯೊಂದು ಹೆಸರಿಗೂ ಕೆಲವು ಗುರುತುಗಳನ್ನು ಮಾಡುತ್ತ ಹೋಗುವುದು ಅದರ ಕ್ರಮ. ನೋಡಿದ್ದನ್ನು 'ನೋಡಿಲ್ಲ' ಎಂದು ಅದು ಎಂದೂ ಹೇಳದು. ನೋಡದ್ದನ್ನು 'ನೋಡಿದ್ದೇನೆ' ಎಂದು ಅಪರೂಪಕ್ಕೆ ಹೇಳೀತು. ಈ ಕೆಲಸಕ್ಕೆ ಅಷ್ಟು ಪ್ರಾಮಾಣಿಕತೆ ಸಾಕು. ಈ ನಿಯಮದಿಂದ, ಪೂರೈಕೆಯಾಗುವ ದತ್ತಾಂಶದಲ್ಲಿ ಕಿರುಕಣಜದಿಂದಲೇ ಹೊರಡುವ ಪಾಲು ಶೇಕಡಾ 74ರಿಂದ 83ಕ್ಕೆ ಏರಿತು. ತಟ್ಟೆಗಳ ಮೇಲೆ ಬರೆಯುವ ಕೆಲಸ ಶೇಕಡಾ 44ರಷ್ಟು ಇಳಿಯಿತು. 'ಎರಡು ಬಾರಿ ಕೇಳಿದವನು ಮೂರನೆಯ ಬಾರಿಯೂ ಕೇಳಿಯಾನು' ಎನ್ನುವುದಕ್ಕಿಂತ ಸರಳವಾದ ಮುನ್ನಂದಾಜು ಬೇರೊಂದಿಲ್ಲ. ಅದರಿಂದ ದೊರೆತ ಫಲ ಇಷ್ಟು ದೊಡ್ಡದು.

ಇಲ್ಲಿಯವರೆಗೆ ಹೇಳಿದ ಕಣಜಗಳೆಲ್ಲ ಬೇಡಿಕೆ ಬಂದ ಮೇಲೆ ಎಚ್ಚರಗೊಳ್ಳುವಂತಹವು. ಬೇಡಿಕೆಗಿಂತ ಮುಂಚೆಯೇ ತುಂಬಿಸಿಡುವ ಕ್ರಮವನ್ನು ಬಹು ದೊಡ್ಡ ಪ್ರಮಾಣದಲ್ಲಿ ಆಚರಣೆಗೆ ತಂದುದು ಚಲನಚಿತ್ರಗಳನ್ನು ಮನೆಮನೆಗೆ ಒದಗಿಸುವ ನೆಟ್‌ಫ್ಲಿಕ್ಸ್ ಸಂಸ್ಥೆ. ಅಂಚೆಯ ಮೂಲಕ ತಟ್ಟೆಗಳನ್ನು ಕಳುಹಿಸುತ್ತಿದ್ದ ಈ ಸಂಸ್ಥೆ 2007ರಲ್ಲಿ ಅಂತರಜಾಲದ ಪ್ರಸಾರವನ್ನು ಆರಂಭಿಸಿ, 2012ರಲ್ಲಿ 'ಓಪನ್ ಕನೆಕ್ಟ್' ಎಂಬ ತನ್ನದೇ ಕಿರುಕಣಜಗಳ ಜಾಲವನ್ನು ಪ್ರಕಟಿಸಿತು. ಚಿತ್ರಗಳಿಂದ ತುಂಬಿದ ಪೆಟ್ಟಿಗೆಯಾಕಾರದ ಯಂತ್ರಗಳನ್ನು ಅಂತರಜಾಲ ಸೇವಾ ಸಂಸ್ಥೆಗಳಿಗೆ ಬೆಲೆ ಪಡೆಯದೆ ಕೊಟ್ಟು, ಅವುಗಳ ಕಟ್ಟಡಗಳಲ್ಲಿಯೇ ಇರಿಸಲಾಗುತ್ತದೆ. ಉದಾರತೆಯಂತೆ ತೋರುವ ಈ ಏರ್ಪಾಟಿನಲ್ಲಿ ಇಬ್ಬರಿಗೂ ಲಾಭವಿದೆ. ಸಂಜೆ ಜನರು ಚಿತ್ರ ನೋಡುವ ಹೊತ್ತಿನಲ್ಲಿ ತಂತಿಗಳು ತುಂಬಿರುತ್ತವೆ. ಬೆಳಗಿನ ಜಾವ ಖಾಲಿ ಬಿದ್ದಿರುತ್ತವೆ. ಆದುದರಿಂದ ನಾಳೆ ಆ ಊರಿನಲ್ಲಿ ಯಾವ ಚಿತ್ರಕ್ಕೆ ಎಷ್ಟು ಬೇಡಿಕೆ ಬಂದೀತೆಂಬುದನ್ನು ಪ್ರತಿದಿನವೂ ಅಂದಾಜು ಮಾಡಿ, ಊರು ಮಲಗಿರುವ ಹೊತ್ತಿನಲ್ಲಿ ಹೊಸ ಪ್ರತಿಗಳನ್ನು ತುಂಬಿಸಿ, ಬೇಡವಾದವನ್ನು ಅಳಿಸಲಾಗುತ್ತದೆ.

ಈ ಅಂದಾಜಿನ ಸೂಕ್ಷ್ಮ ಬೇರೆಯೇ ಇದೆ. ಒಂದು ಚಿತ್ರವೆಂದರೆ ಒಂದು ಕಡತವಲ್ಲ. ದೊಡ್ಡ ಪರದೆಗೊಂದು, ಸಣ್ಣ ದೂರವಾಣಿಗೊಂದು, ದುರ್ಬಲ ಸಂಪರ್ಕಕ್ಕೊಂದು ಎಂದು ಅದರ ದೃಶ್ಯಭಾಗವೇ ಹಲವು ರೂಪಗಳಲ್ಲಿರುತ್ತದೆ. ಭಾಷೆಗೊಂದರಂತೆ ಧ್ವನಿಪಥಗಳು ಪ್ರತ್ಯೇಕವಾಗಿರುತ್ತವೆ. ಚಿತ್ರ ಜನಪ್ರಿಯವಾದರೂ ಅದರ ಎಲ್ಲ ರೂಪಗಳೂ ಎಲ್ಲ ಊರುಗಳಲ್ಲಿಯೂ ಜನಪ್ರಿಯವಾಗಿರುವುದಿಲ್ಲ. ಅಲ್ಲದೆ ಎಷ್ಟು ಮಂದಿ ನೋಡುವರೆಂಬುದನ್ನು ಮಾತ್ರ ನೋಡಿದರೆ ಸಾಲದು, ಹಿಡಿಯುವ ಸ್ಥಳಕ್ಕೆ ತಕ್ಕ ಪ್ರಯೋಜನವನ್ನೂ ನೋಡಬೇಕು. ಸಾವಿರ ಮಂದಿ ನೋಡುವ ದೊಡ್ಡ ಕಡತಕ್ಕಿಂತ ಏಳುನೂರು ಮಂದಿ ನೋಡುವ ಅರ್ಧ ಗಾತ್ರದ ಕಡತ ಹೆಚ್ಚು ಲಾಭದಾಯಕ. ಹಳೆಯ ಚಿತ್ರಗಳಿಗೆ ನಿನ್ನೆಯ ಲೆಕ್ಕವಿದೆ. ಇಂದೇ ಬಿಡುಗಡೆಯಾಗುವ ಚಿತ್ರಕ್ಕೆ ನಿನ್ನೆಯೇ ಇಲ್ಲ. ಅದಕ್ಕಾಗಿ ಅದರಂತಹ ಹಿಂದಿನ ಚಿತ್ರಗಳು ಹೇಗೆ ನಡೆದವೆಂದು ನೋಡಿ, ಮನುಷ್ಯರ ವಿವೇಚನೆಯನ್ನೂ ಸೇರಿಸಿ ಒಂದು ಅಂಕಿಗೆ ಬರಬೇಕಾಗುತ್ತದೆ.

ಬೇಡಿಕೆಯ ಏರಿಳಿತವನ್ನು ಎಷ್ಟು ದೂರದವರೆಗೆ ಹೇಳಬಹುದು ಎಂಬ ಪ್ರಶ್ನೆಗೆ 2010ರಲ್ಲಿ ಗಾಬೋರ್ ಸಾಬೋ ಮತ್ತು ಬರ್ನಾರ್ಡೊ ಹ್ಯೂಬರ್‌ಮನ್ ಸ್ವಾರಸ್ಯಕರವಾದ ಉತ್ತರವನ್ನು ಕೊಟ್ಟರು. ಸುದ್ದಿಗಳನ್ನು ಹಂಚಿಕೊಳ್ಳುವ ಡಿಗ್ ಎಂಬ ತಾಣದಲ್ಲಿ ಒಂದು ಸುದ್ದಿಯ ಮೊದಲ 2 ಗಂಟೆಗಳ ಗತಿಯನ್ನು ನೋಡಿ ಅದರ 30ನೆಯ ದಿನದ ಸ್ಥಿತಿಯನ್ನು ಸಾಕಷ್ಟು ನಿಖರವಾಗಿ ಹೇಳಬಹುದಾಗಿತ್ತು. ಯೂಟ್ಯೂಬಿನ ದೃಶ್ಯಗಳ ವಿಷಯದಲ್ಲಿ ಅಷ್ಟೇ ನಿಖರತೆಗೆ 10 ದಿನಗಳ ಅವಲೋಕನ ಬೇಕಾಯಿತು. ಸುದ್ದಿ ಬೇಗ ಹುಟ್ಟಿ ಬೇಗ ಸಾಯುತ್ತದೆ. ಅದರ ಜಾತಕ ಮೊದಲ ಗಳಿಗೆಯಲ್ಲಿಯೇ ಬರೆಯಲ್ಪಟ್ಟಿರುತ್ತದೆ. ಚಲನದೃಶ್ಯದ ಆಯುಸ್ಸು ದೀರ್ಘ; ಅದರ ಭಾಗ್ಯವೂ ತಡವಾಗಿ ತೆರೆಯುತ್ತದೆ. ಛಾಯಾಚಿತ್ರಗಳ ಗತಿ ಸುದ್ದಿಗೆ ಹತ್ತಿರ. ಫೇಸ್‌ಬುಕ್ ತಾಣದ ಛಾಯಾಚಿತ್ರಗಳ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿತ್ರ ಹಳೆಯದಾದಂತೆ ಅದರ ಬೇಡಿಕೆ ಕ್ರಮವಾಗಿ ಇಳಿಯುವುದು ಕಂಡುಬಂದಿತು. ಅಲ್ಲಿ ನೂರು ಕೋರಿಕೆಗಳಲ್ಲಿ 65ಕ್ಕೂ ಹೆಚ್ಚು ನೋಡುಗನ ಯಂತ್ರದಲ್ಲಿಯೇ ಇದ್ದ ಪ್ರತಿಯಿಂದ, 20 ಸಮೀಪದ ಕಣಜದಿಂದ, 5ಕ್ಕಿಂತ ಕಡಿಮೆ ನಡುವಣ ಕಣಜದಿಂದ ಪೂರೈಕೆಯಾಗಿ, ಮೂಲಭಂಡಾರದವರೆಗೆ ಹೋದವು ಹತ್ತಕ್ಕೆ ಸ್ವಲ್ಪ ಕಡಿಮೆ.

ಹೀಗೆ ಹೇಳುತ್ತ ಹೋದರೆ ಎಲ್ಲವೂ ಎಣಿಕೆಗೆ ಸಿಕ್ಕಿತೆಂಬ ಭಾವನೆ ಬರಬಹುದು. 2009ರ ಜೂನ್ 25 ಅದಕ್ಕೆ ತಕ್ಕ ಉತ್ತರ. ಅಂದು ಗಾಯಕ ಮೈಕಲ್ ಜಾಕ್ಸನ್ ಹಠಾತ್ತಾಗಿ ನಿಧನರಾದರು. ಆ ಹೆಸರಿನ ಹುಡುಕಾಟ ಎಷ್ಟು ರಭಸದಿಂದ ಏರಿತೆಂದರೆ ಗೂಗಲ್ ಸಂಸ್ಥೆಯ ಯಂತ್ರಗಳು ಅದನ್ನು ಯಾರೋ ನಡೆಸುತ್ತಿರುವ ದಾಳಿಯೆಂದು ಭ್ರಮಿಸಿದವು. ಸುಮಾರು 25 ನಿಮಿಷಗಳ ಕಾಲ ವಾರ್ತೆ ಹುಡುಕಿದ ಹಲವರಿಗೆ ದೋಷದ ಪುಟವೇ ದೊರೆಯಿತು. ವಿಕಿಪೀಡಿಯದಲ್ಲಿ ನಡೆದದ್ದು ಇನ್ನೂ ಬೋಧಪ್ರದವಾಗಿದೆ. ಅಲ್ಲಿ ಲೇಖನವನ್ನು ಯಾರಾದರೂ ತಿದ್ದಿದೊಡನೆ ಕಣಜದಲ್ಲಿದ್ದ ಪ್ರತಿ ಹಳತಾಗಿ ರದ್ದಾಗುತ್ತದೆ. ಅಂದು ತಿದ್ದುವವರೂ ನೂಕುನುಗ್ಗಲು, ಓದುವವರೂ ನೂಕುನುಗ್ಗಲು. ಒಂದೊಂದು ತಿದ್ದುಪಡಿಗೂ ಪ್ರತಿ ರದ್ದಾಗಿ, ಹೊಸ ಪ್ರತಿಯನ್ನು ಸಿದ್ಧಪಡಿಸುವ ಕೆಲಸವನ್ನು ಹಲವಾರು ಯಂತ್ರಗಳು ಏಕಕಾಲದಲ್ಲಿ, ಪರಸ್ಪರ ತಿಳಿಯದೆ, ಕೈಗೆತ್ತಿಕೊಂಡು ಇಡೀ ವ್ಯವಸ್ಥೆ ತತ್ತರಿಸಿತು. ಅತ್ಯಂತ ಜನಪ್ರಿಯವಾದ ಪುಟ ಕಣಜದಲ್ಲಿ ನಿಲ್ಲಲಾಗದೆ ಹೋದುದೇ ಅಂದಿನ ವಿಪರ್ಯಾಸ. ಆ ಬಳಿಕ, ಒಂದು ಯಂತ್ರ ಹೊಸ ಪ್ರತಿಯನ್ನು ಸಿದ್ಧಪಡಿಸುತ್ತಿರುವಾಗ ಉಳಿದವು ಕಾಯುವಂತೆ ಅಥವಾ ಹಳೆಯ ಪ್ರತಿಯನ್ನೇ ಕೊಡುವಂತೆ ಮಾಡುವ ಏರ್ಪಾಟನ್ನು ಅವರು ರಚಿಸಿಕೊಂಡರು.

ಸಾವು, ಭೂಕಂಪಗಳಂತಹ ಆಕಸ್ಮಿಕಗಳನ್ನು ಬಿಟ್ಟರೂ ಜನಪ್ರಿಯತೆಯ ಒಡಲಲ್ಲಿಯೇ ಒಂದು ಅನಿಶ್ಚಿತತೆ ಇದೆಯೆಂದು 2006ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿಕೊಟ್ಟಿತು. ಮ್ಯಾಥ್ಯೂ ಸಾಲ್ಗಾನಿಕ್, ಪೀಟರ್ ಡಾಡ್ಸ್ ಮತ್ತು ಡಂಕನ್ ವಾಟ್ಸ್ ಎಂಬ ಸಂಶೋಧಕರು 14,341 ಮಂದಿಗೆ ಅಜ್ಞಾತ ಗಾಯಕವೃಂದಗಳ 48 ಹಾಡುಗಳನ್ನು ಕೇಳಲು ಕೊಟ್ಟರು. ಒಂದು ಗುಂಪಿಗೆ ಇತರರ ಆಯ್ಕೆ ಏನೆಂಬುದು ಕಾಣುತ್ತಿರಲಿಲ್ಲ. ಉಳಿದವರನ್ನು ಎಂಟು ಪ್ರತ್ಯೇಕ ಜಗತ್ತುಗಳಾಗಿ ವಿಂಗಡಿಸಿ, ಆಯಾ ಜಗತ್ತಿನೊಳಗೆ ಯಾವ ಹಾಡನ್ನು ಎಷ್ಟು ಮಂದಿ ತೆಗೆದುಕೊಂಡಿದ್ದಾರೆಂಬುದನ್ನು ತೋರಿಸಲಾಯಿತು. ಹಾಡುಗಳು ಅವೇ, ಕೇಳುಗರೂ ಒಂದೇ ಬಗೆಯವರು. ಆದರೂ ಎಂಟು ಜಗತ್ತುಗಳಲ್ಲಿ ಗೆದ್ದ ಹಾಡುಗಳು ಬೇರೆ ಬೇರೆಯಾದವು. ಅತ್ಯುತ್ತಮವಾದುದು ತೀರ ಕೆಳಗಿಳಿಯುವುದು ವಿರಳ, ಅತಿ ಕಳಪೆಯಾದುದು ಮೇಲೇರುವುದೂ ವಿರಳ. ನಡುವಿನವುಗಳಿಗೆ ಯಾವ ಗತಿಯೂ ಬರಬಹುದಾಗಿತ್ತು. ಮುನ್ನಂದಾಜು ಎಲ್ಲಿ ಅತ್ಯಗತ್ಯವೋ ಅದೇ ನಡುವಣ ಪ್ರದೇಶದಲ್ಲಿ ಅದು ಅತ್ಯಂತ ದುರ್ಬಲವೂ ಹೌದು.

ಗಣಕಯಂತ್ರಗಳಿಗೆ ಕಲಿಸುವ ವಿದ್ಯೆ ಬೆಳೆದಂತೆ ಈ ದೌರ್ಬಲ್ಯವನ್ನು ದಾಟುವ ಪ್ರಯತ್ನಗಳೂ ನಡೆದಿವೆ. 2020ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ಬೇಲಾಡಿಯವರ ನಿಯಮವನ್ನು ಸ್ವಲ್ಪ ಸಡಿಲಿಸಿದರು. ಎಲ್ಲಕ್ಕಿಂತ ದೂರದಲ್ಲಿ ಬೇಕಾಗುವುದು ಯಾವುದೆಂದು ನಿಖರವಾಗಿ ತಿಳಿಯಬೇಕಾಗಿಲ್ಲ, ಒಂದು ಗಡಿಯ ಆಚೆಗೆ ಬೇಕಾಗುವಂತಹ ಯಾವುದೇ ವಸ್ತುವನ್ನು ಹೊರಹಾಕಿದರೂ ಸಾಕೆಂಬುದು ಅವರ ಹೊಳಹು. ಪ್ರತಿ ವಸ್ತುವಿನ ಹಿಂದಿನ ಬೇಡಿಕೆಗಳ ನಡುವಣ ಅಂತರಗಳನ್ನು ಯಂತ್ರಕ್ಕೆ ಕಲಿಸಿ ಮುಂದಿನದನ್ನು ಹೇಳಿಸಿದಾಗ, ದೂರದಿಂದ ತರಿಸಬೇಕಾದ ದತ್ತಾಂಶ ಶೇಕಡಾ 4ರಿಂದ 25ರಷ್ಟು ಇಳಿಯಿತು. ಆದರೆ ಕಲಿಕೆಗೂ ಬೆಲೆ ಉಂಟು. ಸೆಕೆಂಡಿಗೆ ಸಾವಿರಾರು ಕೋರಿಕೆಗಳ ನಡುವೆ ಪ್ರತಿಯೊಂದಕ್ಕೂ ಜಾತಕ ನೋಡುತ್ತ ಕುಳಿತರೆ ಯಂತ್ರಗಳ ಶ್ರಮ ಏರುತ್ತದೆ. ಇದಕ್ಕೆ ಪ್ರತಿವಾದವೋ ಎಂಬಂತೆ 2023ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಿಂದ ಇನ್ನೊಂದು ಪ್ರಬಂಧ ಹೊರಬಂದಿತು. ಕಣಜದ ಹತ್ತನೆಯ ಒಂದು ಭಾಗವನ್ನು ಹೊಸಬರ ಪಡಸಾಲೆಯಾಗಿ ಬಿಟ್ಟು, ಅಲ್ಲಿರುವಾಗಲೇ ಮತ್ತೆ ಕೇಳಲ್ಪಟ್ಟವರನ್ನು ಮಾತ್ರ ಒಳಮನೆಗೆ ಬಿಡುವ ಸರಳ ಸರತಿಯ ಪದ್ಧತಿಯನ್ನು ಅವರು ಒಟ್ಟು 6,594 ದಾಖಲೆಗಳ ಮೇಲೆ ಪರೀಕ್ಷಿಸಿ, ಅದು ಹಲವಾರು ಜಟಿಲ ಪದ್ಧತಿಗಳನ್ನು ಮೀರಿಸುವುದನ್ನು ತೋರಿಸಿದರು. ಅಕಮಾಯ್ ಅನುಭವಕ್ಕೂ ಇದಕ್ಕೂ ಇರುವ ಬಂಧುತ್ವ ಸ್ಪಷ್ಟವಾಗಿದೆ. ವಾದ ಇನ್ನೂ ಮುಗಿದಿಲ್ಲ. ಮುಗಿಯಬೇಕಾದ ಅವಸರವೂ ಇಲ್ಲ.

ಇಷ್ಟು ಹೊತ್ತು ಲಾಭವನ್ನು ಅಳೆದುದು ಕಣಜದ ಒಡೆಯನ ಕಡೆಯಿಂದ. ನೂರರಲ್ಲಿ ಎಷ್ಟು ಕೋರಿಕೆಗಳು ಹತ್ತಿರದಲ್ಲಿಯೇ ಪೂರೈಕೆಯಾದವೆಂಬುದು ಅವನ ಅಳತೆ. ತೊಂಬತ್ತು ಪೂರೈಕೆಯಾದರೆ ಅವನು ಸಂತುಷ್ಟನು. ಉಳಿದ ಹತ್ತು ಯಾರವು ಎಂಬ ಪ್ರಶ್ನೆಯನ್ನು ಈ ಅಳತೆ ಕೇಳುವುದೇ ಇಲ್ಲ. ಆ ಹತ್ತು ಎಲ್ಲರ ನಡುವೆ ಸಮನಾಗಿ ಹಂಚಿಹೋಗಿದ್ದರೆ ಚಿಂತೆಯಿರಲಿಲ್ಲ. ಅವು ಸಾಮಾನ್ಯವಾಗಿ ಅಪರೂಪದ ವಿಷಯವನ್ನು ಅಭ್ಯಸಿಸುವವನ, ಹಳೆಯ ಗಾಯನವನ್ನು ಹುಡುಕುವವನ, ಸಂಖ್ಯೆಯಲ್ಲಿ ಚಿಕ್ಕದಾದ ಭಾಷೆಯನ್ನಾಡುವವನ ಪಾಲಿಗೆ ಬರುತ್ತವೆ. ಅಷ್ಟೇ ಅಲ್ಲ, ತಡವಾಗಿ ತೆರೆದುಕೊಳ್ಳುವುದನ್ನು ಜನರು ಅರ್ಧಕ್ಕೆ ಬಿಟ್ಟುಬಿಡುತ್ತಾರೆ. ಬಿಟ್ಟದ್ದು ಕಡಿಮೆ ಬೇಡಿಕೆಯೆಂದು ದಾಖಲಾಗುತ್ತದೆ. ಕಡಿಮೆ ಬೇಡಿಕೆಯದು ಮುಂದಿನ ರಾತ್ರಿಯೂ ಕಣಜಕ್ಕೆ ಬರುವುದಿಲ್ಲ. ಮುನ್ನಂದಾಜು ತನ್ನನ್ನು ತಾನೇ ಸತ್ಯವಾಗಿಸಿಕೊಳ್ಳುವ ಈ ಚಕ್ರವನ್ನು ಕೇವಲ ಅಂಕಿಗಳನ್ನು ನೋಡಿ ಪತ್ತೆ ಮಾಡುವುದು ಕಷ್ಟ.

ಎಣಿಕೆಯನ್ನು ಎಲ್ಲಿ ನಿಂತು ಮಾಡಲಾಗುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಇಡೀ ದೇಶದ ಬೇಡಿಕೆಯನ್ನು ಒಂದೇ ಪಟ್ಟಿಯಾಗಿ ಬರೆದರೆ ಕನ್ನಡದ ಒಂದು ಪಾಠವಾಗಲಿ ನಾಟಕವಾಗಲಿ ಸಾವಿರಾರು ಸ್ಥಾನಗಳ ಕೆಳಗೆ ಬಿದ್ದೀತು. ಅದೇ ಎಣಿಕೆಯನ್ನು ಧಾರವಾಡದ ಅಥವಾ ದಾವಣಗೆರೆಯ ಕಣಜದ ಬಾಗಿಲಲ್ಲಿ ನಿಂತು ಮಾಡಿದರೆ ಅದು ಮೇಲಿನ ಸಾಲಿನಲ್ಲಿಯೇ ಕಂಡೀತು. ಪಟ್ಟಿ ಊರಿನದಾದಷ್ಟೂ ಅದು ಊರಿನ ಜನರಿಗೆ ನ್ಯಾಯ ಒದಗಿಸುತ್ತದೆ. ಆದರೆ ಊರು ಸಣ್ಣದಾದಷ್ಟೂ ಲೆಕ್ಕಕ್ಕೆ ಸಿಗುವ ಕೋರಿಕೆಗಳು ಕಡಿಮೆಯಾಗಿ ಅಂದಾಜು ಅಲುಗಾಡುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದು ಇಂಜಿನಿಯರರ ನಿತ್ಯದ ಸಂಕಟ.

ಅಂಕಿಗಳಿಗೆ ತಿಳಿಯದ, ಪಂಚಾಂಗಕ್ಕೆ ತಿಳಿದ ಸಂಗತಿಗಳೂ ಇವೆ. ಹತ್ತನೆಯ ತರಗತಿಯ ಗಣಿತದ ಪಾಠದ ದೃಶ್ಯವೊಂದನ್ನು ವರ್ಷದ ಬಹುಭಾಗ ಯಾರೂ ನೋಡದಿರಬಹುದು. ಪರೀಕ್ಷೆಯ ಹಿಂದಿನ ವಾರ ಅದೇ ತಾಲೂಕಿನ ಸಾವಿರಾರು ಮಕ್ಕಳು ಒಂದೇ ಸಂಜೆ ಅದನ್ನು ಕೇಳಬಹುದು. ನಿನ್ನೆಯನ್ನು ಮಾತ್ರ ನೋಡುವ ಯಂತ್ರಕ್ಕೆ ಇದು ಭೂಕಂಪದಷ್ಟೇ ಆಕಸ್ಮಿಕ. ಯಾವ ಶಾಲೆಯ ಉಪಾಧ್ಯಾಯರೂ ಆ ದಿನಾಂಕವನ್ನು ಮೂರು ತಿಂಗಳು ಮುಂಚಿತವಾಗಿ ಹೇಳಬಲ್ಲರು. ಹಬ್ಬ, ಸುಗ್ಗಿ, ಬೀಗರ ಆಗಮನವನ್ನು ಲೆಕ್ಕಕ್ಕೆ ಹಿಡಿದ ಆ ಹಿರಿಯಾಕೆಯ ಜ್ಞಾನ ಇದೇ ಜಾತಿಯದು. ಅದನ್ನು ಯಂತ್ರದ ಲೆಕ್ಕಕ್ಕೆ ಸೇರಿಸಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ, ಯಾರಾದರೂ ಸೇರಿಸಬೇಕಷ್ಟೆ.

ಬಾಲದ ತುದಿಯಲ್ಲಿರುವವುಗಳಿಗೂ ಒಂದು ಉಪಾಯವಿದೆ. ಸುಭಬ್ರತ ಸೇನ್, ಜೆನಿಫರ್ ರೆಕ್ಸ್‌ಫರ್ಡ್ ಮತ್ತು ಡಾನ್ ಟೌಸ್ಲಿ 1999ರಲ್ಲಿಯೇ ಅದನ್ನು ಸೂಚಿಸಿದ್ದರು. ಚಲನದೃಶ್ಯವನ್ನು ಪೂರ್ತಿಯಾಗಿ ಇಡಲು ಸ್ಥಳವಿಲ್ಲದಿದ್ದರೆ ಅದರ ಆರಂಭದ ಸ್ವಲ್ಪ ಭಾಗವನ್ನು ಮಾತ್ರ ಹತ್ತಿರದಲ್ಲಿ ಇಡಬಹುದು. ನೋಡುಗನು ಕೇಳಿದೊಡನೆ ಆ ಭಾಗ ಕೂಡಲೇ ಆರಂಭವಾಗುತ್ತದೆ. ಅವನು ಅದನ್ನು ನೋಡುತ್ತಿರುವಷ್ಟರಲ್ಲಿ ಉಳಿದುದು ಮೂಲಭಂಡಾರದಿಂದ ಹೊರಟು ಬಂದು ಸೇರಿಕೊಳ್ಳುತ್ತದೆ. ಒಂದು ಗಂಟೆಯ ಚಿತ್ರದ ಮೊದಲ ಒಂದು ನಿಮಿಷವನ್ನಷ್ಟೇ ಇಡುವುದಾದರೆ, ಒಂದು ಇಡೀ ಚಿತ್ರ ಹಿಡಿಯುವ ಸ್ಥಳದಲ್ಲಿ ಅರುವತ್ತು ಅಪರೂಪದ ಚಿತ್ರಗಳ ಆರಂಭಗಳಿಗೆ ಎಡೆ ದೊರೆಯುತ್ತದೆ. ಅವುಗಳಲ್ಲಿ ಯಾವುದನ್ನು ಯಾರು ಎಂದು ಕೇಳಿದರೂ ಬಾಗಿಲಲ್ಲಿ ಕಾಯಬೇಕಾಗುವುದಿಲ್ಲ.